ಮುದುಡಿದ ಬಾನೆಟ್ಟಿನ ಮೇಲೆ ಸಿಟ್ಟೇಕೆ?

ಕಾರು ದುರಸ್ತಿಗೆ ಯೋಗ್ಯವಲ್ಲ ಎಂದು ನಾನು ವರದಿ ಬರೆಯುವ ಹೊತ್ತಿಗೆ ಅದರ ಮಾಲೀಕರಿಂದ ಕೇಳುವ ಮಾತು ಬಹುಮಟ್ಟಿಗೆ ಒಂದೇ. "ನೋಡಿ ಸರ್, ಎಂಥ ತಗಡು! ಮುಂಭಾಗ ಪೂರ್ತಿ ಮುದುಡಿಹೋಗಿದೆ. ಮುಂದಿನದು ಗಟ್ಟಿ ಗಾಡಿಯೇ ಆಗಬೇಕು." ಹೀಗೆನ್ನುವವರು ತಮ್ಮ ಕಾಲ ಮೇಲೆ ತಾವೇ ನಿಂತಿರುತ್ತಾರೆ. ಮಣಿಕಟ್ಟಿಗೊಂದು ಪಟ್ಟಿ, ಎದೆಯ ಮೇಲೆ ಸೀಟ್ ಬೆಲ್ಟಿನ ಬರೆ, ಅಷ್ಟೇ. ತಮ್ಮ ಜೀವ ಉಳಿಸಿದ ಕಾರನ್ನೇ ಬೈಯುತ್ತಿದ್ದೇವೆ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ಆ ಸಿಟ್ಟನ್ನು ಹೊತ್ತುಕೊಂಡೇ ಹೊಸ ಕಾರು ಹುಡುಕಲು ಹೊರಡುತ್ತಾರೆ. ನನ್ನ ತಾಳ್ಮೆ ಕೆಡುವುದು ಅಲ್ಲಿ.

ವಿಮೆಯ ಹಣ, ಸಾಲದ ಬಾಕಿ, ನೋಂದಣಿ ರದ್ದತಿಯ ವಿಷಯ ಇಲ್ಲಿ ಬೇಡ. ಅದನ್ನು ಹೇಳಿಕೊಡಲು ಬೇಕಾದಷ್ಟು ಜನರಿದ್ದಾರೆ. ನಾನು ಹೇಳಬೇಕಾದದ್ದು ಒಂದೇ: ಕಾರಿನ ಮೂತಿ ಮುದುಡುವುದು ದೋಷವಲ್ಲ, ಅದು ಅದರ ಕೆಲಸ.

ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಗೋಡೆಗೆ ಗುದ್ದಿತು ಎನ್ನಿ. ಒಳಗಿರುವವರ ದೇಹವೂ ಅದೇ ವೇಗದಲ್ಲಿರುತ್ತದೆ, ಅದನ್ನೂ ನಿಲ್ಲಿಸಲೇಬೇಕು. ಎಷ್ಟು ದೂರದಲ್ಲಿ ನಿಲ್ಲಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮೂತಿ 60 ಸೆಂಟಿಮೀಟರ್ ಮುದುಡಿ ಕಾರು ನಿಂತರೆ, ಅದರೊಂದಿಗೆ ಬೆಲ್ಟಿನಿಂದ ಬಿಗಿದುಕೊಂಡವರ ಮೇಲೆ ಬೀಳುವ ಸರಾಸರಿ ಬಲ ಅವರ ತೂಕದ ಸುಮಾರು 16 ಪಟ್ಟು. ಅದೇ ಮೂತಿ ಬಗ್ಗದೆ ಸೆಟೆದು ನಿಂತು, 10 ಸೆಂಟಿಮೀಟರಿನೊಳಗೇ ಎಲ್ಲ ಮುಗಿದುಹೋದರೆ ಅದು ಹತ್ತಿರಹತ್ತಿರ 100 ಪಟ್ಟು. ಕ್ಯಾಚ್ ಹಿಡಿಯುವವರು ಚೆಂಡಿನ ಜೊತೆಗೇ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೂ ಇದಕ್ಕೇ. ಇದು ಸರಳೀಕರಿಸಿದ ಲೆಕ್ಕ, ನಿಜವಾದ ಡಿಕ್ಕಿಯಲ್ಲಿ ಬಲ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಆದರೆ ಲೆಕ್ಕದ ದಿಕ್ಕು ಬದಲಾಗುವುದಿಲ್ಲ.

ಇದು ಹೊಸ ವಿಚಾರವೂ ಅಲ್ಲ. ಮರ್ಸಿಡಿಸ್ ಬೆಂಜ್ ಸಂಸ್ಥೆಯ ಎಂಜಿನಿಯರ್ ಬೇಲಾ ಬರೇನಿ 1951ರಲ್ಲೇ ಇದಕ್ಕೆ ಪೇಟೆಂಟ್ ಕೇಳಿದ್ದರು: ಕಾರಿನ ಮುಂದು ಹಿಂದು ಮುದುಡಲಿ, ಜನ ಕೂರುವ ನಡುಭಾಗ ಮಾತ್ರ ಗಟ್ಟಿಯಾಗಿರಲಿ. 1959ರಲ್ಲಿ ಆ ವಿನ್ಯಾಸದ ಕಾರು ರಸ್ತೆಗಿಳಿಯಿತು. ಅದೇ ವರ್ಷ ವೋಲ್ವೋ ಕಾರುಗಳಲ್ಲಿ ನೀಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟ್ ಬಂತು. ಅಷ್ಟು ವರ್ಷಗಳ ನಂತರವೂ ಶೋರೂಮಿನಲ್ಲಿ ಬಾನೆಟ್ಟನ್ನು ಬೆರಳಿನಿಂದ ತಟ್ಟಿ, ಬಾಗಿಲನ್ನು ಧಡ್ ಎಂದು ಮುಚ್ಚಿ, "ಹಳೆಯ ಗಾಡಿಗಳ ಕಬ್ಬಿಣವೇ ಬೇರೆ ಬಿಡಿ" ಎನ್ನುವವರಿದ್ದಾರೆ.

ಅಂಥವರಿಗೆ ನಾನು ಒಂದು ಪರೀಕ್ಷೆಯನ್ನು ನೆನಪಿಸುತ್ತೇನೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ 2009ರಲ್ಲಿ 1959ರ ಷೆವ್ರೊಲೆ ಬೆಲ್ ಏರ್ ಕಾರನ್ನೂ 2009ರ ಷೆವ್ರೊಲೆ ಮಾಲಿಬು ಕಾರನ್ನೂ ಎದುರುಬದುರು ಡಿಕ್ಕಿ ಹೊಡೆಸಿತು. ತೂಕದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಮುದುಡಿದ ಮೂತಿಯ ಹೊಸ ಕಾರಿನಲ್ಲಿ ಚಾಲಕನ ಬೊಂಬೆಗೆ ಕಾಲಿಗಷ್ಟೇ ಸಣ್ಣ ಪೆಟ್ಟು. ಹಳೆಯ ಕಾರಿನಲ್ಲಿ ಚಾಲಕ ಕೂರುವ ಜಾಗವೇ ಕುಸಿದಿತ್ತು. ಮನುಷ್ಯನಿದ್ದಿದ್ದರೆ ಬದುಕುವುದು ಕಷ್ಟವಿತ್ತು.

ನನ್ನ ಗ್ರಾಹಕರಲ್ಲಿ ಒಬ್ಬ ನಿವೃತ್ತ ಮೇಷ್ಟರಿದ್ದರು. ಜೀವಮಾನವಿಡೀ ಮಕ್ಕಳಿಗೆ ಭೌತಶಾಸ್ತ್ರ ಕಲಿಸಿದವರು, ಚಲನಶಕ್ತಿ, ಸಂವೇಗಗಳ ಸೂತ್ರಗಳನ್ನು ಬರೆಸಿದವರು. ಅವರೂ ತಗಡಿನ ದಪ್ಪ ಕೇಳುತ್ತಾ ಹಳೆಯ ಮಾಡೆಲ್ಲಿನ ಕಾರಿಗಾಗಿ ಅಲೆಯುತ್ತಿದ್ದರು. ಮೇಲಿನ ಲೆಕ್ಕವನ್ನು ಅವರ ಮುಂದಿಟ್ಟೆ. ಕನ್ನಡಕ ಏರಿಸಿ, ನನ್ನ ಏಕಮಾನಗಳನ್ನು ತಿದ್ದಿ, ಕಿಲೋಮೀಟರನ್ನು ಮೀಟರಿಗಿಳಿಸಿ ಎರಡು ಸಲ ಗುಣಿಸಿ ನೋಡಿದರು. "ಲೆಕ್ಕ ಸರಿಯಿದೆ, ಆದರೆ ನಮ್ಮ ಮನೆಯವರು ಒಪ್ಪುವುದಿಲ್ಲ" ಎಂದರು. ಆಮೇಲೆ ಅವರ ಹೆಂಡತಿಯನ್ನು ವಿಚಾರಿಸಿದರೆ, "ನನ್ನದೇನಿದೆ, ಹಠ ಹಿಡಿದಿರುವುದು ಇವರೇ" ಎಂದರು. ಕೊನೆಗೆ ಹೊಸ ಕಾರನ್ನೇ ಕೊಂಡರು. ಬಾನೆಟ್ಟನ್ನು ತಟ್ಟಿ ನೋಡದೆ ಬಿಟ್ಟಿರಲಾರರು.

ಹಾಗಾದರೆ ತೂಕಕ್ಕೆ ಬೆಲೆಯೇ ಇಲ್ಲವೇ? ಇದೆ. ಎರಡು ಕಾರುಗಳು ಎದುರುಬದುರು ಗುದ್ದಿದಾಗ ಭಾರದ್ದಕ್ಕೆ ಅನುಕೂಲ ಹೆಚ್ಚು, ಹಗುರದ್ದು ಹೆಚ್ಚು ಪೆಟ್ಟು ತಿನ್ನುತ್ತದೆ. ಆದರೆ ತೂಕವೇ ಬೇರೆ, ಬಿಗಿತವೇ ಬೇರೆ. ತಗಡು ದಪ್ಪವಾದ ಮಾತ್ರಕ್ಕೆ ಕಾರು ಸುರಕ್ಷಿತವಾಗುವುದಿಲ್ಲ. ಹೊರಗಿನ ತಗಡಿಗೆ ಹೊಡೆತ ತಡೆಯುವ ಕೆಲಸ ಅಷ್ಟಾಗಿ ಇರುವುದೂ ಇಲ್ಲ. ಹೊಡೆತವನ್ನು ನುಂಗುವುದು ಒಳಗಿನ ಉದ್ದುದ್ದ ಉಕ್ಕಿನ ತೊಲೆಗಳು, ಅವು ನಿಮ್ಮ ಬೆರಳಿಗೆ ಸಿಗುವುದಿಲ್ಲ.

ಅಪಘಾತವಾದ ಕಾರಿನ ಹತ್ತಿರ ಹೋದಾಗ ನಾನು ಮೊದಲು ನೋಡುವುದು ಬಾನೆಟ್ಟನ್ನಲ್ಲ, ಮುಂದಿನ ಬಾಗಿಲನ್ನು. ಅದು ಕೈಯಿಂದ ತೆರೆದುಕೊಂಡರೆ, ಗಾಜಿನ ಪಕ್ಕದ ಪಿಲ್ಲರ್ ನೆಟ್ಟಗಿದ್ದರೆ, ಪೆಡಲುಗಳು ಒಳಕ್ಕೆ ನುಗ್ಗಿರದಿದ್ದರೆ ಆ ಕಾರಿನ ವಿನ್ಯಾಸಕ್ಕೆ ಮನಸ್ಸಿನಲ್ಲೇ ಭೇಷ್ ಎನ್ನುತ್ತೇನೆ, ಮೂತಿ ಎಷ್ಟೇ ಕೆಟ್ಟಿರಲಿ. ಹೊಸ ಕಾರು ಕೊಳ್ಳುವಾಗ ಈ ಸಂಗತಿಗಳು ಕಾಣುವುದು ಡಿಕ್ಕಿ ಪರೀಕ್ಷೆಯ ವರದಿಯಲ್ಲಿ. ಅದರಲ್ಲಿ ಸುರಕ್ಷತೆಗೆ ಕೊಟ್ಟ ನಕ್ಷತ್ರಗಳನ್ನು ಎಣಿಸಿ ಸುಮ್ಮನಾಗಬೇಡಿ. ಪರೀಕ್ಷೆ ನಡೆದ ವರ್ಷ ಯಾವುದು, ನೀವು ಕೊಳ್ಳುವ ಆವೃತ್ತಿಗೂ ಆ ಫಲಿತಾಂಶ ಅನ್ವಯಿಸುತ್ತದೆಯೇ, ಮಕ್ಕಳ ಸುರಕ್ಷತೆಗೆ ಎಷ್ಟು ಅಂಕ ಬಂದಿದೆ ಎಂದು ನೋಡಿ. ನಿಯಮಗಳು ಕಾಲಕಾಲಕ್ಕೆ ಬಿಗಿಯಾಗುವುದರಿಂದ ಹಳೆಯ ಐದು ನಕ್ಷತ್ರ ಹೊಸ ಐದಕ್ಕೆ ಸಮವಲ್ಲ. ಸಣ್ಣ ಕಾರಿನ ನಕ್ಷತ್ರವನ್ನು ದೊಡ್ಡ ಕಾರಿನದರೊಂದಿಗೆ ಹೋಲಿಸುವುದೂ ಸಲ್ಲದು.

ಇನ್ನೊಂದು ಗುಂಪಿನವರು ಹೊಸ ಕಾರಿನ ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುತ್ತಾರೆ, ಮತ್ತೆ ಮುದುಡಬಾರದೆಂದು. ಅದು ಹೊಡೆತವನ್ನು ನೇರ ಚಾಸಿಸ್‌ಗೆ ದಾಟಿಸಬಹುದು, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಗಳಿಗೆಯನ್ನೂ ತಪ್ಪಿಸಬಹುದು. ಎದುರು ಸಿಕ್ಕ ಪಾದಚಾರಿಯ ಗತಿಯನ್ನಂತೂ ಕೇಳುವುದೇ ಬೇಡ.

ಹಣ ಸಾಲದೆ ಹಳೆಯ ಕಾರು ಕೊಳ್ಳುವವರು ನನ್ನಂಥವರು ತಿರಸ್ಕರಿಸಿದ ಕಾರನ್ನೇ ಬಣ್ಣ ಬಳಿದ ರೂಪದಲ್ಲಿ ಕೊಂಡಾರು, ಎಚ್ಚರ. ಒಮ್ಮೆ ಮುದುಡಿದ ತೊಲೆಯನ್ನು ಕಾಯಿಸಿ ನೆಟ್ಟಗೆ ಮಾಡಿದರೆ ಮುಂದಿನ ಡಿಕ್ಕಿಯಲ್ಲಿ ಅದು ಮೊದಲಿನಂತೆ ವರ್ತಿಸುತ್ತದೆ ಎಂದು ನಾನು ಬರೆದುಕೊಡಲಾರೆ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಕೆಲ ಕ್ಷಣ ಬೆಳಗಿ ಆರಬೇಕು. ಬೆಳಗದೇ ಇದ್ದರೆ ಅನುಮಾನಿಸಿ. ಬೆಳಗಿ ಆರಿದರೂ ಪೂರ್ತಿ ನಂಬಬೇಡಿ, ಬಿಚ್ಚಿಹೋದ ಏರ್‌ಬ್ಯಾಗ್ ಜಾಗದಲ್ಲಿ ಒಂದು ಚಿಲ್ಲರೆ ರೆಸಿಸ್ಟರ್ ಕೂರಿಸಿ ದೀಪವನ್ನು ಮೋಸಗೊಳಿಸುವವರಿದ್ದಾರೆ. ಬೆಲ್ಟನ್ನು ಪೂರ್ತಿ ಹೊರಗೆಳೆದು ಅದರ ಚೀಟಿಯ ತಯಾರಿಕೆಯ ವರ್ಷ ನೋಡಿ. ಕಾರಿಗಿಂತ ಹೊಸದಾಗಿದ್ದರೆ ಯಾಕೆ ಬದಲಾಯಿತು ಎಂದು ಕೇಳಿ.

ಹಾಗೆಯೇ, ಅಪಘಾತವಾದ ಕಾರಿನಿಂದ ಮಗುವಿನ ಸುರಕ್ಷತಾ ಆಸನವನ್ನು ಬಿಚ್ಚಿಕೊಂಡು ಹೋಗಲು ಬರುವವರನ್ನು ನಾನು ತಡೆಯುತ್ತೇನೆ. "ಒಂದು ಗೀರೂ ಬಿದ್ದಿಲ್ಲವಲ್ಲ" ಎನ್ನುತ್ತಾರೆ. ಕಾರೇ ಕೈಬಿಡುವಷ್ಟು ದೊಡ್ಡ ಡಿಕ್ಕಿಯನ್ನು ಕಂಡ ಆಸನದೊಳಗೆ ಕಣ್ಣಿಗೆ ಕಾಣದ ಬಿರುಕಿರಬಹುದು. ವಿಮೆಯ ಕ್ಲೇಮಿನಲ್ಲಿ ಅದನ್ನೂ ಸೇರಿಸಲು ಸಾಧ್ಯವೇ ಎಂದು ಕೇಳಿ. ಆಗದಿದ್ದರೂ ಹೊಸದನ್ನೇ ಕೊಳ್ಳಿ.