ಹೊನಲಕ್ಕಿ: ಯಾರು ಬೇಕಾದರೂ ಬಳಸಿಕೊಳ್ಳಬಹುದಾದ ಹಕ್ಕಿ

ಲೋಕದಲ್ಲಿ ಇಲ್ಲದ ಒಂದು ಹಕ್ಕಿಯನ್ನು ಕಟ್ಟಿದ್ದೇನೆ. ಹೆಸರು ಹೊನಲಕ್ಕಿ. ಕಥೆಗೆ, ಚಿತ್ರಕ್ಕೆ, ಆಟಕ್ಕೆ, ಪಾಠಕ್ಕೆ ಯಾರು ಬೇಕಾದರೂ ಬಳಸಿಕೊಳ್ಳಿ. ನನ್ನನ್ನು ಕೇಳಬೇಕಾಗಿಲ್ಲ. ಒಂದೇ ಕೋರಿಕೆ: ಇದು ಕಲ್ಪನೆಯ ಹಕ್ಕಿ ಅಂತ ಹೇಳಿಬಿಡಿ. ಕಂಪ್ಯೂಟರಿನಲ್ಲಿ ಮಾಡಿದ ಹಕ್ಕಿಗಳ ಚಿತ್ರಗಳು ‘ನೂರು ವರ್ಷಕ್ಕೊಮ್ಮೆ ಕಾಣುವ ಪಕ್ಷಿ’ ಎಂದು ಮೊಬೈಲಿನಿಂದ ಮೊಬೈಲಿಗೆ ಓಡಾಡುವುದನ್ನು ಕಂಡರೆ ಸಂಕಟವಾಗುತ್ತದೆ.

ಕಲ್ಪನೆ ತಾನೇ, ಸುಮ್ನೆ ಏನು ಬೇಕಾದರೂ ಬರೆಯಬಹುದು ಅನ್ನುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ಮೊದಲ ಆಯ್ಕೆಯಷ್ಟೇ ನಮ್ಮದು. ಆಮೇಲೆ ಹಕ್ಕಿಯೇ ನಮ್ಮ ಕೈಹಿಡಿದು ಬರೆಸುತ್ತದೆ.

ನನ್ನ ಆಯ್ಕೆ ಇದು: ಜಲಪಾತದ ಬುಡದಲ್ಲಿ ವಾಸ. ನೀರೊಳಗೆ ರೆಕ್ಕೆ ಬಡಿದು ಈಜಿ ಮೀನು ಹಿಡಿಯಬೇಕು, ಮೇಲೆದ್ದು ಹಾರಲೂ ಬೇಕು. ದೊಡ್ಡದಿದ್ದರೆ ಚೆಂದ ಎಂದು ಮೊದಲು 6 ಕಿಲೋ ತೂಕ ಬರೆದಿದ್ದೆ. ಆಮೇಲೆ ರೆಕ್ಕೆಯ ಲೆಕ್ಕಕ್ಕೆ ಕೂತೆ.

ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಗಾಳಿಯಲ್ಲಿ ಮೈಭಾರ ಹೊರಲು ಅಗಲವಾದ ರೆಕ್ಕೆ ಬೇಕು. ನೀರಿನಲ್ಲಿ ಭಾರವನ್ನು ನೀರೇ ಹೊರುತ್ತದೆ. ಅಲ್ಲಿ ಬೇಕಾದದ್ದು ಗಿಡ್ಡ, ಗಟ್ಟಿ ರೆಕ್ಕೆ. ಬಿಚ್ಚಿದ ಕೊಡೆಯನ್ನು ಕೊಳದೊಳಗೆ ಬೀಸಲು ಹೋಗಿ, ಕೈ ಸೋತುಹೋಗುತ್ತದೆ. ದೋಣಿಯ ಹುಟ್ಟನ್ನು ಗಾಳಿಯಲ್ಲಿ ಬೀಸಿ, ಬೀಸಣಿಗೆಯಷ್ಟು ಗಾಳಿಯೂ ಬರುವುದಿಲ್ಲ. ಹೊನಲಕ್ಕಿಯ ಹೆಗಲಲ್ಲಿ ಇರುವುದು ಒಂದೇ ಜೊತೆ ರೆಕ್ಕೆ. ಅದೇ ಕೊಡೆ, ಅದೇ ಹುಟ್ಟು. ಒಂದೇ ಬೂಟು ತೊಟ್ಟು ಓಟಕ್ಕೂ ಈಜಿಗೂ ಇಳಿದ ಹಾಗೆ!

ಇದರ ಮೇಲೆ ಗಾತ್ರದ ಕಾಟ. ಮೈಯ ಉದ್ದ, ಅಗಲ, ದಪ್ಪ ಎಲ್ಲವೂ ಎರಡರಷ್ಟಾದರೆ ರೆಕ್ಕೆಯ ವಿಸ್ತೀರ್ಣ 4 ಪಟ್ಟಾಗುತ್ತದೆ, ತೂಕ ಮಾತ್ರ 8 ಪಟ್ಟು. ಗಿಡ್ಡ ರೆಕ್ಕೆಯ ಹಕ್ಕಿ ಈ ಪೈಪೋಟಿಯಲ್ಲಿ ಬೇಗ ಸೋಲುತ್ತದೆ. ಪೆಂಗ್ವಿನ್‌ಗಳು ಹಾರಾಟ ಬಿಟ್ಟು ಹುಟ್ಟನ್ನೇ ಉಳಿಸಿಕೊಂಡವು. ಉತ್ತರ ಅಟ್ಲಾಂಟಿಕ್‌ನ ಗ್ರೇಟ್ ಆಕ್ ಕೂಡ ಅದೇ ದಾರಿ ಹಿಡಿದಿತ್ತು. ಸುಮಾರು 5 ಕಿಲೋ ತೂಗುತ್ತಿದ್ದ ಆ ಹಕ್ಕಿ ಹಾರಲಾರದೆ ಸುಲಭವಾಗಿ ಮನುಷ್ಯರ ಕೈಗೆ ಸಿಕ್ಕಿತು. 1844ರಲ್ಲಿ ಐಸ್‌ಲ್ಯಾಂಡ್ ಬಳಿಯ ಎಲ್ಡೇ ದ್ವೀಪದಲ್ಲಿ ಕೊನೆಯ ಜೋಡಿಯನ್ನೂ ಕೊಂದರು. ಅದರ ಸಂಬಂಧಿ ಗಿಲೆಮಾಟ್ ತೂಗುವುದು ಸುಮಾರು 1 ಕಿಲೋ. ಅದು ಹಾರುತ್ತದೆ, ಆದರೆ ಒಂದೇ ಸಮನೆ ರೆಕ್ಕೆ ಬಡಿಯುತ್ತಾ, ಬಹಳ ಕಷ್ಟಪಟ್ಟು. ನಾನು ಹೊನಲಕ್ಕಿಯನ್ನು 300 ಗ್ರಾಮಿಗೆ ಇಳಿಸಿದೆ.

ದನಿಯೂ ತಾನಾಗಿ ಸಿಕ್ಕಿತು. ಧುಮುಕುವ ನೀರಿನ ಸದ್ದಿನಲ್ಲಿ ತಗ್ಗು ಸ್ವರವೇ ಹೆಚ್ಚು. ಅದರ ನಡುವೆ ಕೇಳಿಸಬೇಕೆಂದರೆ ಕೂಗು ಕೀರಲಾಗಿರಬೇಕು, ಅಲ್ವಾ? ಮೈ ನೀಲಿ. ಗರಿಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ಹುಟ್ಟಿಸುವ ನೀಲಿ ಅದು.

ಲೆಕ್ಕ ಕೇಳದ ಕಲ್ಪನೆ ಎಲ್ಲಿಗೆ ಹೋಗುತ್ತದೆ ನೋಡಿ. 16ನೇ ಶತಮಾನದಲ್ಲಿ ನ್ಯೂ ಗಿನಿ ಕಡೆಯಿಂದ ಬರ್ಡ್ ಆಫ್ ಪ್ಯಾರಡೈಸ್ ಹಕ್ಕಿಗಳ ಒಣಗಿಸಿದ ಚರ್ಮ ಯುರೋಪಿಗೆ ಬರುತ್ತಿತ್ತು. ನ್ಯೂ ಗಿನಿಯವರು ಕಾಲು ಕತ್ತರಿಸಿ ಕಳಿಸುತ್ತಿದ್ದರು. ಯುರೋಪಿನಲ್ಲಿ ಕೊಂಡವರು, ಈ ಹಕ್ಕಿಗೆ ಕಾಲೇ ಇಲ್ಲ, ಸದಾ ಆಕಾಶದಲ್ಲೇ ಇರುತ್ತದೆ ಎಂದು ನಂಬಿದರು. ಹೆಣ್ಣು ಗಂಡಿನ ಬೆನ್ನ ಮೇಲೆ ಮೊಟ್ಟೆ ಇಡುತ್ತದೆ ಎಂಬ ಮಾತೂ ಹುಟ್ಟಿತು. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇವುಗಳಲ್ಲಿ ಒಂದು ಜಾತಿಗೆ ‘ಅಪೋಡ’, ಅಂದರೆ ‘ಕಾಲಿಲ್ಲದ್ದು’ ಎಂದೇ ಹೆಸರಿಟ್ಟ. ಕಾಲು ಇದೆ ಎಂದು ಗೊತ್ತಾದ ಮೇಲೂ ಆ ಹೆಸರು ಹೋಗಿಲ್ಲ.

ಡಾರ್ವಿನ್ ಕಲ್ಪಿಸಿದ ರೀತಿಯೇ ಬೇರೆ. ಮಡಗಾಸ್ಕರ್‌ನ ಒಂದು ಆರ್ಕಿಡ್ ಹೂವಿನ ಮಕರಂದದ ನಾಳ ಸುಮಾರು 30 ಸೆಂಟಿಮೀಟರ್ ಉದ್ದ. ಹಾಗಾದರೆ ಅಷ್ಟೇ ಉದ್ದ ನಾಲಿಗೆಯ ಪತಂಗವೂ ಇರಲೇಬೇಕು ಎಂದು 1862ರಲ್ಲಿ ಬರೆದ. ಆ ಪತಂಗದ ವಿವರಣೆ ಪ್ರಕಟವಾದದ್ದು 1903ರಲ್ಲಿ. ಅಷ್ಟು ಹೊತ್ತಿಗೆ ಡಾರ್ವಿನ್ ತೀರಿಕೊಂಡು 21 ವರ್ಷವಾಗಿತ್ತು.

ಹೊನಲಕ್ಕಿಗೆ ಲ್ಯಾಟಿನ್ ಹೆಸರನ್ನೂ ನೀವೇ ಇಡಿ. ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮಗಳು ಕಲ್ಪನೆಯ ಜೀವಿಗಳಿಗೆ ಅನ್ವಯಿಸುವುದಿಲ್ಲ. ಗೂಡು ಜಲಪಾತದ ಹಿಂದೆ, ಕತ್ತಲ ಪೊಟರೆಯಲ್ಲಿ. ಮಿಂಚುಳ್ಳಿ, ಗೂಬೆಗಳಂತೆ ಪೊಟರೆಯಲ್ಲಿ ಗೂಡು ಮಾಡುವ ಎಷ್ಟೋ ಹಕ್ಕಿಗಳ ಮೊಟ್ಟೆ ಬಿಳಿ. ಕತ್ತಲಲ್ಲಿ ಕಣ್ಣು ತಪ್ಪಿಸಲು ಚುಕ್ಕೆ ಬೇಕಿಲ್ಲ. ಹಾಗಾಗಿ ಇದರದ್ದೂ ಬಿಳಿ ಎಂದು ಬರೆದಿದ್ದೇನೆ. ನಿಮಗೆ ಚುಕ್ಕೆಯ ಮೊಟ್ಟೆಯೇ ಬೇಕಿದ್ದರೆ, ಮೊದಲು ಗೂಡನ್ನು ಬೆಳಕಿಗೆ ತನ್ನಿ.