ರೀಲ್ ಆಮೇಲೆ, ಮೊದಲು ಮ್ಯಾಪ್ ಸರಿ ಮಾಡಿ

ಕಾಫಿ ಹೂ ಬಿಟ್ಟಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಹೋಂಸ್ಟೇ ನಡೆಸುವವರದ್ದೆಲ್ಲ ಒಂದೇ ಬೇಡಿಕೆ: 'ಒಂದು ರೀಲ್ ವೈರಲ್ ಮಾಡಿಕೊಡಿ.' ಸರಿ, ಮಾಡೋಣ. ಆದರೆ ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಮನೆ ಎಲ್ಲಿದೆ ಅಂತ ಕೇಳಿದರೆ, 'ಅದೆಲ್ಲ ಮಗ ಯಾವಾಗಲೋ ಹಾಕಿದ್ದಾನೆ' ಅನ್ನುತ್ತಾರೆ. ಮಗ ಈಗ ಬೆಂಗಳೂರಿನಲ್ಲಿ. ಪಾಸ್‌ವರ್ಡ್ ಅವನಿಗೂ ನೆನಪಿಲ್ಲ.

ಕೊಡಗಿನ ಕಕ್ಕಬ್ಬೆ ಕಡೆಯ ಒಬ್ಬ ಆಂಟಿಯ ರೀಲ್‌ಗೆ ಲಕ್ಷ ದಾಟಿ ವ್ಯೂಸ್ ಬಂತು. ಬುಕಿಂಗ್ ಮಾತ್ರ ಬೆರಳಲ್ಲಿ ಎಣಿಸುವಷ್ಟು. ಆ ಬಂದವರೂ ಮ್ಯಾಪ್ ನಂಬಿ ನಾಪೋಕ್ಲು ಪೇಟೆಯ ಕೋಳಿ ಅಂಗಡಿ ಮುಂದೆ ಹೋಗಿ ನಿಂತರು. ದಾರಿ ಹೇಳಿ ಹೇಳಿ ಸಾಕಾದ ಅಂಗಡಿಯವನು ಕೊನೆಗೆ, 'ಆಂಟಿ, ನಂಗೂ ಸ್ವಲ್ಪ ಕಮಿಷನ್ ಕೊಡಿ' ಅಂದನಂತೆ. ಆಂಟಿ ನಗುತ್ತಲೇ ಹೇಳಿದರು. ನನಗೆ ಹೊಟ್ಟೆ ಉರಿಯಿತು.

ನಮ್ಮ ತೋಟದ ಮನೆಗಳಿಗೆ ಬೀದಿ ಹೆಸರು, ಡೋರ್ ನಂಬರ್ ಇರುವುದಿಲ್ಲ. ಊರು, ಅಂಚೆ, ಪಿನ್‌ಕೋಡ್ ಬರೆದು ಸುಮ್ನಾಗುತ್ತೇವೆ. ಪೋಸ್ಟ್‌ಮ್ಯಾನ್‌ಗೆ ಅಷ್ಟು ಸಾಕು, ಗೂಗಲ್‌ಗೆ ಸಾಲದು. ವಿಳಾಸ ಅರ್ಥವಾಗದಿದ್ದರೆ ಅದು ಗುರುತನ್ನು ಊರಿನ ಮಧ್ಯಕ್ಕೋ ಪೇಟೆಗೋ ಹಾಕಿಬಿಡಬಹುದು. ಆದ್ದರಿಂದ ಸ್ಯಾಟಲೈಟ್ ನೋಟದಲ್ಲಿ ನಿಮ್ಮ ಹೆಂಚಿನ ಮಾಡು ಹುಡುಕಿ. ಮ್ಯಾಪ್‌ನ ಗುರುತನ್ನು, ಅಂದರೆ ಪಿನ್ನನ್ನು, ಎಳೆದು ಅದರ ಮೇಲೇ ಕೂರಿಸಿ. ಮರಗಳ ನಡುವೆ ಮಾಡು ಕಾಣದಿದ್ದರೆ ಗೇಟಿನ ಹತ್ತಿರ ಇಡಿ. ಆಮೇಲೆ ಬೇರೆಯವರ ಫೋನ್ ಹಿಡಿದು, ಮುಖ್ಯ ರಸ್ತೆಯಿಂದ ಕಾರಿನಲ್ಲಿ ಬಂದು ನೋಡಿ. ಜೀಪಿನಲ್ಲಿ ಅಲ್ಲ, ಕಾರಿನಲ್ಲಿ! ಮ್ಯಾಪ್ ಪಕ್ಕದ ತೋಟದ ಜೀಪ್ ದಾರಿ ತೋರಿಸುತ್ತಿರಬಹುದು. ಆನೆ ಓಡಾಡುವ ಕಡೆ ರಾತ್ರಿ ಹೊತ್ತು ಅತಿಥಿಗಳು ಅಲ್ಲಿ ಸಿಕ್ಕಿಕೊಂಡರೆ ಗತಿ ಏನು?

ರೀಲ್ಸ್ ಬೇಡ ಅಂತಲ್ಲ. 2020ರಲ್ಲಿ ಟಿಕ್‌ಟಾಕ್ ನಿಷೇಧವಾದ ಬೆನ್ನಿಗೇ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಬಂದ ಮೇಲೆ ಎಷ್ಟೋ ಸಣ್ಣ ವ್ಯಾಪಾರಗಳಿಗೆ ಹೆಸರು ಬಂದಿದೆ. ಆದರೆ ರೀಲ್ ನೋಡುವವನು ಮಲಗಿಕೊಂಡು ಹೊತ್ತು ಕಳೆಯುತ್ತಿರುತ್ತಾನೆ. 'ಕಕ್ಕಬ್ಬೆ ಹತ್ತಿರ ಹೋಂಸ್ಟೇ' ಅಂತ ಹುಡುಕುವವನು ಹೊರಡಲು ಬ್ಯಾಗ್ ತುಂಬುತ್ತಿರುತ್ತಾನೆ. ಅವನಿಗೆ ಯಾರನ್ನು ತೋರಿಸಬೇಕು ಅಂತ ಗೂಗಲ್ ಮುಖ್ಯವಾಗಿ ಮೂರು ವಿಷಯ ನೋಡುತ್ತದೆ: ಹುಡುಕಿದ್ದಕ್ಕೆ ನೀವು ಹೊಂದುತ್ತೀರಾ, ಎಷ್ಟು ದೂರದಲ್ಲಿದ್ದೀರಿ, ಎಷ್ಟು ಹೆಸರು ಮಾಡಿದ್ದೀರಿ. ಪಿನ್ ತಪ್ಪಿದರೆ ದೂರದ ಲೆಕ್ಕವೇ ತಪ್ಪು, ಅಲ್ವಾ?

ಇದಕ್ಕೆ ಗೂಗಲ್‌ಗೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಜಾಹೀರಾತು ಬೇರೆ ವಿಷಯ. ಹುಡುಕಿದಾಗ ಬರುವ ಪಟ್ಟಿಯಲ್ಲಿ ಮೇಲೆ ಬರಲು ದುಡ್ಡಿನ ದಾರಿ ಇಲ್ಲ ಅಂತ ಗೂಗಲೇ ಹೇಳುತ್ತದೆ. 'ಮೊದಲ ಸ್ಥಾನ ಗ್ಯಾರಂಟಿ' ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಗ್ಯಾರಂಟಿ ನಾನೂ ಕೊಡುವುದಿಲ್ಲ.

ಇನ್ನು ಮಳೆಗಾಲ. ಕರೆಂಟ್ ಹೋಗಿ, ಟವರ್ ಕೂಡ ಸತ್ತರೆ ಮ್ಯಾಪ್ ತೆರೆಯುವುದೇ ಕಷ್ಟ. ಆದರೆ ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಿಲ್ಲ. ಬುಕಿಂಗ್ ಆದ ಕೂಡಲೇ, ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡು ಬನ್ನಿ ಅಂತ ಅತಿಥಿಗಳಿಗೆ ವಾಟ್ಸಾಪ್ ಮಾಡಿ. ಯಾವ ಬಸ್ ತಂಗುದಾಣ ದಾಟಿ ಎತ್ತ ತಿರುಗಬೇಕು ಅಂತ ಎರಡು ಸಾಲು ಬರೆಯಿರಿ. ಮನೆಯಲ್ಲಿ ಲ್ಯಾಂಡ್‌ಲೈನ್ ಉಳಿಸಿಕೊಂಡಿದ್ದರೆ ಆ ನಂಬರನ್ನೂ ಕೊಡಿ.