ಘುಕ್ಕೇವಾಲಿಯ ಜಾಲಿ ಮರ ಯಾರದು?

ಅಮೃತಸರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಅಜನಾಲಾ ತಾಲ್ಲೂಕಿಗೆ ಸೇರಿದ ಹಳ್ಳಿ ಘುಕ್ಕೇವಾಲಿ. ಅಲ್ಲಿನ ಗುರುದ್ವಾರವನ್ನು ಜನ ಕರೆಯುವುದು 'ಗುರು ಕಾ ಬಾಗ್' ಎಂದು. ಸಿಖ್ಖರ ಐದನೇ ಗುರು ಅರ್ಜನ್ ದೇವ್, ಒಂಬತ್ತನೇ ಗುರು ತೇಗ್ ಬಹಾದ್ದೂರ್ ಇಬ್ಬರೂ ಬಂದುಹೋದ ಜಾಗವದು. ತೇಗ್ ಬಹಾದ್ದೂರರ ನೆನಪಿಗೆ ಎದ್ದ ತೋಟದಿಂದ ಈ ಹೆಸರು ಬಂತು. 1922ರಲ್ಲಿ ಈ ಸಣ್ಣ ಊರಿನ ಹೆಸರು ದೇಶದ ಬಾಯಲ್ಲೆಲ್ಲ ಓಡಾಡಿತು. ಕಾರಣ, ಅಡುಗೆಗೆಂದು ಕಡಿದ ಜಾಲಿ ಸೌದೆ!

ಜಗಳದ ಬೇರು ಮಾತ್ರ ಕಂದಾಯದ ಕಡತದಲ್ಲಿತ್ತು. ಮೊಘಲರ ಕಾಟಕ್ಕೆ ಸಿಖ್ಖರು ಕಾಡುಪಾಲಾಗಿದ್ದ ಕಾಲದಲ್ಲಿ ಅನೇಕ ಗುರುದ್ವಾರಗಳನ್ನು ನೋಡಿಕೊಂಡವರು ಉದಾಸಿ ಸಾಧುಗಳು. ರಣಜಿತ್ ಸಿಂಗನ ಕಾಲದಲ್ಲಿ ಗುರುದ್ವಾರಗಳಿಗೆ ಜಮೀನು ಬಂತು. 1849ರಲ್ಲಿ ಪಂಜಾಬ್ ಬ್ರಿಟಿಷರ ವಶವಾದ ಮೇಲೆ, ಭೂದಾಖಲೆ ಬರೆಯುವಾಗ ಎಷ್ಟೋ ಕಡೆ ಆ ಜಮೀನು ಗುರುದ್ವಾರ ನೋಡಿಕೊಳ್ಳುತ್ತಿದ್ದ ಮಹಂತರ ಹೆಸರಿಗೇ ಕೂತಿತು. ಕಾಲುವೆ ನೀರು ಹರಿದು ನೆಲಕ್ಕೆ ಬೆಲೆಯೂ ಏರಿತು. ದೇವರ ಜಮೀನಿನ ಪಹಣಿಯಲ್ಲಿ ಪೂಜೆಯವರ ಹೆಸರು ಬಂದರೆ ಮುಂದೇನಾಗುತ್ತದೆಂದು ನಮ್ಮ ಹಳ್ಳಿಯವರಿಗೂ ಬಿಡಿಸಿ ಹೇಳಬೇಕಿಲ್ಲ.

ಗುರುದ್ವಾರಗಳನ್ನು ಮಹಂತರ ಕೈಯಿಂದ ಬಿಡಿಸಲು 1920ರ ನವೆಂಬರಿನಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಹುಟ್ಟಿತು. ಘುಕ್ಕೇವಾಲಿಯ ಮಹಂತ ಸುಂದರ್ ದಾಸ್ 1921ರ ಜನವರಿಯಲ್ಲಿ ಸಮಿತಿಯೊಡನೆ ಒಪ್ಪಂದಕ್ಕೆ ಬಂದ. ಆಮೇಲೆ ತಕರಾರು ತೆಗೆದ: ಗುರುದ್ವಾರ ನಿಮ್ಮದಿರಬಹುದು, ಅದಕ್ಕಂಟಿದ ಜಮೀನು ನನ್ನದು.

ಲಂಗರ್ ಎಂದರೆ ಬಂದವರೆಲ್ಲರಿಗೂ ಊಟ ಹಾಕುವ ದಾಸೋಹ. ಒಲೆಗೆ ಸೌದೆ ಬೇಕು. 1922ರ ಆಗಸ್ಟ್ ಮೊದಲ ದಿನಗಳಲ್ಲಿ ಆ ಜಮೀನಿನ ಮರ ಕಡಿದ ಐವರು ಅಕಾಲಿಗಳನ್ನು, ಅಂದರೆ ಗುರುದ್ವಾರ ಬಿಡಿಸುವ ಹೋರಾಟಕ್ಕಿಳಿದ ಸಿಖ್ಖರನ್ನು, ಪೊಲೀಸರು ಹಿಡಿದರು. ಅವರಿಗೆ ಸಿಕ್ಕಿದ್ದು ಆರು ತಿಂಗಳ ಕಠಿಣ ಸಜೆ. ಹಿಡಿದಷ್ಟೂ ಜನ ಬರತೊಡಗಿದಾಗ, ತಿಂಗಳ ಕೊನೆಗೆ ಸರ್ಕಾರ ಬಡಿಯಲು ಶುರುಮಾಡಿತು. ಇತ್ತ ಅಮೃತಸರದಲ್ಲಿರುವ ಸಿಖ್ಖರ ಧರ್ಮಪೀಠ ಅಕಾಲ್ ತಖ್ತಿನಲ್ಲಿ ಕೈ ಎತ್ತುವುದಿಲ್ಲವೆಂದು ಆಣೆ ಮಾಡಿ ದಿನವೂ ಒಂದೊಂದು ಜಥಾ, ಎಂದರೆ ತಂಡ, ಹೊರಡುತ್ತಿತ್ತು. ಅವರಲ್ಲಿ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿಯೇ ಹೋರಾಡಿದ ಮಾಜಿ ಸೈನಿಕರೂ ಬಹಳ ಮಂದಿ. ಏಟಿಗೆ ಏಟು ಕೊಡಲು ಬಾರದವರೇನಲ್ಲ.

ಸೆಪ್ಟೆಂಬರ್ 12ರಂದು ಪಾದ್ರಿ ಸಿ. ಎಫ್. ಆಂಡ್ರೂಸ್ ಅಲ್ಲಿಗೆ ಹೋದರು. ಕಪ್ಪು ಪೇಟದ ನಾಲ್ವರು ಕೈಮುಗಿದು ನಿಂತಿದ್ದರು, ಎದುರಿಗೆ ಪೊಲೀಸರ ಗುಂಪು. ಒಬ್ಬ ಇಂಗ್ಲಿಷ್ ಅಧಿಕಾರಿ ಹಿತ್ತಾಳೆ ಕಟ್ಟಿದ ಲಾಠಿಯ ತುದಿಯಿಂದ ಒಬ್ಬನ ಕತ್ತಿನ ಕೆಳಗಿನ ಎಲುಬಿಗೆ ತಿವಿದ. ಆತ ಬಿದ್ದು ಉರುಳಿದ, ನಿಧಾನಕ್ಕೆ ಎದ್ದ, ಮತ್ತೆ ಅದೇ ಜಾಗದಲ್ಲಿ ನಿಂತ. ಕ್ರಿಸ್ತನ ಶಿಲುಬೆ ಆಂಡ್ರೂಸರಿಗೆ ನೆನಪಾಯಿತು. ಮರುದಿನ ಪಂಜಾಬಿನ ಗವರ್ನರ್ ಮ್ಯಾಕ್ಲಗನ್ ಬಂದ ಮೇಲೆ ಬಡಿತ ನಿಂತಿತು, ಬಂಧನ ನಿಲ್ಲಲಿಲ್ಲ. ಜೈಲು ಸೇರಿದವರು 5,600ಕ್ಕೂ ಹೆಚ್ಚು.

ಬಿಕ್ಕಟ್ಟು ಬಿಡಿಸಿದ್ದು ಒಂದು ಗುತ್ತಿಗೆ ಪತ್ರ. ಲಾಹೋರಿನ ನಿವೃತ್ತ ಎಂಜಿನಿಯರ್ ಸರ್ ಗಂಗಾರಾಂ ನವೆಂಬರ್ 17ರಂದು ಮಹಂತನಿಂದ ಜಮೀನನ್ನು ಗುತ್ತಿಗೆಗೆ ಪಡೆದು, ತನಗೆ ಪೊಲೀಸರ ಕಾವಲು ಬೇಡವೆಂದ. ಅಕಾಲಿಗಳು ಮರ ಕಡಿದರು. ಸರ್ಕಾರಕ್ಕೂ ಮಾನ ಉಳಿಯಿತು, ಯಾರ ಮರ ಎಂಬ ಪ್ರಶ್ನೆಯೂ ಹಾಗೇ ಉಳಿಯಿತು.

ಅದಕ್ಕೆ ಕಾನೂನು ಬಂದದ್ದು 1925ರಲ್ಲಿ. ಆ ವರ್ಷದ ಸಿಖ್ ಗುರುದ್ವಾರ ಕಾಯ್ದೆ, ಗುರುದ್ವಾರಗಳ ಹೆಸರಿನ ಜೊತೆಗೆ ಅವಕ್ಕೆ ಸೇರಿದ್ದೆನ್ನುವ ಆಸ್ತಿಯ ಪಟ್ಟಿಯನ್ನೂ ಬರೆದು ಸಲ್ಲಿಸುವಂತೆ ಕೇಳಿತು.